ಡೆಮಿ ಅಳತೆಯ ಅಟ್ಟ

ಪುಸ್ತಕದ ಭಾರ ನಂಬಿಸಿ ಕೈಕೊಡುವ ಭಾರ. 70 ಜಿಎಸ್‌ಎಂ ಕಾಗದದ ಮೇಲೆ ಅಚ್ಚಾದ, ಡೆಮಿ 1/8 ಆಕಾರದ, 200 ಪುಟದ ಕಾದಂಬರಿ ಮುಖಪುಟವೂ ಸೇರಿ ಕಾಲು ಕಿಲೋ ಮುಟ್ಟುವುದಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಒಂದು ಕೈಯಲ್ಲಿ ಹಿಡಿದು ಓದಬಹುದು. ಅದರದೇ ನೂರು ಪ್ರತಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಎತ್ತಿ ನೋಡಿ. 23-24 ಕಿಲೋ. ಹಿಡಿಯಲು ಹಿಡಿಕೆಯಿಲ್ಲ, ತಳ ಯಾವ ಗಳಿಗೆಯಲ್ಲಿ ಬಾಯಿ ಬಿಡುತ್ತದೋ ಗೊತ್ತಿಲ್ಲ. ಪುಸ್ತಕ ಮಾರುವವರು ನಾಲ್ಕು ಜನ ಸೇರಿದರೆ ಸಾಹಿತ್ಯಕ್ಕಿಂತ ಸೊಂಟನೋವಿನ ಮಾತೇ ಹೆಚ್ಚು ನಡೆಯುತ್ತದೆ. ಓದುಗರಿಗೆ ಇದು ಗೊತ್ತಿರಲಿಕ್ಕಿಲ್ಲ.

ನಾನು ಸಾಗರದಲ್ಲಿ ಪುಟ್ಟ ಪುಸ್ತಕದಂಗಡಿ ಇಟ್ಟುಕೊಂಡಿದ್ದವನು. ಅಂಗಡಿಗೆ ಬಂದು ಕೊಳ್ಳುವವರನ್ನೇ ನಂಬಿ ಕೂತಿದ್ದರೆ ಬಾಡಿಗೆ ಹುಟ್ಟುತ್ತಿರಲಿಲ್ಲ. ಹೆಗ್ಗೋಡಿನ ನೀನಾಸಂ ಶಿಬಿರ, ಶಾಲೆಗಳ ವಾರ್ಷಿಕೋತ್ಸವ, ತಾಳಮದ್ದಲೆ, ತಾಲ್ಲೂಕು ಸಮ್ಮೇಳನ, ಹೀಗೆ ಜನ ಸೇರಿದಲ್ಲಿಗೆ ಸರಕು ಹೊತ್ತು ಹೋಗಬೇಕಿತ್ತು. ಅದಕ್ಕೆಂದೇ ಒಂದು ಹಳೆಯ ಬೊಲೆರೊ ಕೊಂಡೆ. ಮಲೆನಾಡಿನಲ್ಲಿ ಆ ಗಾಡಿಗೆ ವಿವರಣೆ ಬೇಕಿಲ್ಲ. ಹಿಂದಿನ ಗಾಲಿಗೆ ಲೀಫ್ ಸ್ಪ್ರಿಂಗು. ಖಾಲಿಯಿದ್ದಾಗ ಕುಣಿಯುತ್ತದೆ, ಭಾರ ಹಾಕಿದರೆ ಸಮಾಧಾನವಾಗುತ್ತದೆ. ಹಿಂದುಗಡೆ ಎದುರುಬದುರು ಕೂರುವ ಮಡಚು ಸೀಟುಗಳು. ಮೇಲಕ್ಕೆತ್ತದೆ ಬದಿಗೆ ತೆರೆಯುವ ಹಿಂಬಾಗಿಲು, ಅದರ ಬೆನ್ನಿಗೆ ಸ್ಟೆಪ್ನಿ. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದರೆ ಆ ಬಾಗಿಲು ಸ್ಟೆಪ್ನಿಯ ತೂಕಕ್ಕೆ ತಾನಾಗಿ ಬಂದು ನಮ್ಮ ಮೊಣಕೈಗೆ ಬಡಿಯುತ್ತದೆ. ಈ ಬಾಗಿಲಿನ ವಿಷಯ ಮುಂದೆ ಬರುತ್ತದೆ.

ಶುರುವಿನಲ್ಲಿ ಪೆಟ್ಟಿಗೆಗಳನ್ನು ಹಿಂದೆ ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದು ಓಡಾಡುತ್ತಿದ್ದೆ. ಒಮ್ಮೆ ಕುಂದಾಪುರದ ಕಡೆ ಘಟ್ಟ ಇಳಿಯುವಾಗ ತಿರುವಿನಲ್ಲಿ ಎಮ್ಮೆಯೊಂದು ಎದುರಾಯಿತು. ಬ್ರೇಕು ಒತ್ತಿದೆ. ಎಮ್ಮೆ ತಿರುಗಿಯೂ ನೋಡಲಿಲ್ಲ. ಮೇಲಿನ ಪೆಟ್ಟಿಗೆ ಮಾತ್ರ ಹಗ್ಗದಿಂದ ಜಾರಿ ನಡು ಸೀಟಿನ ಬೆನ್ನು ಹಾರಿ ನನ್ನ ಬೆನ್ನ ಹಿಂದೆ ಬಂದು ಕೂತಿತು. ಊರಿಗೆ ಬಂದು ಪಿಯುಸಿ ಭೌತಶಾಸ್ತ್ರ ನೆನಪು ಮಾಡಿಕೊಂಡು ಲೆಕ್ಕ ಹಾಕಿದೆ. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಏನಕ್ಕೋ ಗುದ್ದಿ ಅರ್ಧ ಮೀಟರಿನಲ್ಲಿ ನಿಂತಿತು ಎಂದಿಟ್ಟುಕೊಳ್ಳಿ. ಆಗ ಒಳಗಿನ ಸಾಮಾನನ್ನು ಇದ್ದಲ್ಲೇ ಹಿಡಿದು ನಿಲ್ಲಿಸಲು ಅದರ ತೂಕದ ಸುಮಾರು 20 ಪಟ್ಟು ಬಲ ಬೇಕು. 24 ಕಿಲೋ ಪೆಟ್ಟಿಗೆಯೆಂದರೆ ಹೆಚ್ಚುಕಡಿಮೆ ಅರ್ಧ ಟನ್ನು. ಕನ್ನಡ ಕಾದಂಬರಿ ತಲೆಗೆ ಬಡಿದು ಸತ್ತ ಮೊದಲ ವ್ಯಾಪಾರಿ ಎನಿಸಿಕೊಳ್ಳುವ ಆಸೆ ನನಗಿರಲಿಲ್ಲ.

2018ರ ಮಳೆಗಾಲದಲ್ಲಿ ಬಡಗಿ ಆಚಾರ್ರ ಮನೆಗೆ ಹೋದೆ. ಮಳೆ ಹಿಡಿದರೆ ನಮ್ಮ ಕಡೆ ಸಭೆ ಸಮಾರಂಭ ಇಲ್ಲ, ಆಚಾರ್ರಿಗೂ ಮನೆಕಟ್ಟುವ ಕೆಲಸ ಇಲ್ಲ. ಸಾಗರ, ಸೊರಬದ ಕಡೆ ಮರದ ಕೆಲಸವೆಂದರೆ ಹೊರಗಿನವರಿಗೆ ಗುಡಿಗಾರರ ಗಂಧದ ಕೆತ್ತನೆ ನೆನಪಾಗುತ್ತದೆ. ಇವರು ಆ ಪೈಕಿ ಅಲ್ಲ. ಬಾಗಿಲು, ಕಿಟಕಿ, ಮಂಚ, ದೇವರ ಪೀಠ ಮಾಡುವವರು. ನಾನು ಕಾಗದದ ಮೇಲೆ ಗಾಡಿಯ ಹಿಂಭಾಗದ ಚಿತ್ರ ಬರೆದು, ಉದ್ದ ಅಗಲ ಎಲ್ಲ ಗುರುತು ಹಾಕಿ ಒಯ್ದಿದ್ದೆ. ಹಿಂದೆ ಡ್ರಾಯರ್ ಇರುವ ಒಂದು ಅಟ್ಟ, ಮೇಲೆ ಪೆಟ್ಟಿಗೆ ಇಡಲು ಸಮತಟ್ಟು ಹಲಗೆ, ರಾತ್ರಿ ಬೇಕಾದರೆ ಅದರ ಮೇಲೇ ಮಲಗುವಂತಿರಬೇಕು ಎಂದೆ. ಅವರು ಚಿತ್ರ ನೋಡಿ ಪಕ್ಕಕ್ಕಿಟ್ಟರು. "ಒಂದು ಪುಸ್ತಕ ಕೊಡಿ" ಅಂದರು.

ಚೀಲದಲ್ಲಿದ್ದ ಕಾದಂಬರಿಯೊಂದನ್ನು ಕೊಟ್ಟೆ. ಅದನ್ನು ನೆಲದ ಮೇಲೆ ನಿಲ್ಲಿಸಿದರು, ಮಲಗಿಸಿದರು, ಕೊನೆಗೆ ಬೆನ್ನು ಮೇಲೆ ಮಾಡಿ ಬೋರಲು ನಿಲ್ಲಿಸಿದರು. ಮಾಮೂಲಿಯಾಗಿ ಕಪಾಟಿನಲ್ಲಿ ಪುಸ್ತಕ ನಿಲ್ಲುವ ಹಾಗೆ ನಿಲ್ಲಿಸಿದರೆ ಎತ್ತರ ಎಂಟೂವರೆ ಇಂಚು. ಮೇಲಿನಿಂದ ನೋಡುವವನಿಗೆ ಕಾಣುವುದು ಬರೀ ಕಾಗದದ ಅಂಚು, ಹೆಸರಲ್ಲ. ಬೆನ್ನು ಮೇಲೆ ಮಾಡಿದರೆ ಎತ್ತರ ಐದೂವರೆ ಇಂಚಿಗೆ ಇಳಿಯುತ್ತದೆ, ಹೆಸರೂ ಮೇಲಕ್ಕೆ ಬರುತ್ತದೆ. ಡ್ರಾಯರಿನ ಒಳಗಿನ ಆಳ ಆರಿಂಚು ಸಾಕು. ಎರಡು ಸಾಲು ಪುಸ್ತಕಕ್ಕೆ ಅಗಲ ಹದಿನೇಳು, ಆಚೀಚೆ ಹಲಗೆ ಸೇರಿ ಹದಿನೆಂಟು. ಅಂಥ ಎರಡು ಡ್ರಾಯರು, ನಡುವೆ ಒಂದು ಗೋಡೆ. ಆಮೇಲೆ ಗಾಡಿಯ ಹಿಂಬಾಗಿಲು ತೆರೆದು ಎರಡು ಗಾಲಿಯ ಉಬ್ಬುಗಳ ನಡುವಿನ ಜಾಗ ಅಳೆದರು. ಎರಡು ನೂಲು ಉಳಿಯುವಂತೆ ಹೊಂದಿತು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ನನಗೆ ಮಾತ್ರ ಮಹೀಂದ್ರಾದವರೂ ಡೆಮಿ ಕಾಗದದವರೂ ಯಾವುದೋ ಕಾಲದಲ್ಲಿ ಕೂತು ಮಾತಾಡಿಕೊಂಡಿದ್ದಾರೆ ಅನ್ನಿಸಿತು.

ಆ ಎರಡು ನೂಲಿನಿಂದಾಗಿ ಮುಂದಿನ ತಕರಾರು ಹುಟ್ಟಿತು. ನಾನು ಅಂಗಡಿಯಿಂದ ಉಕ್ಕಿನ ಟೆಲಿಸ್ಕೋಪಿಕ್ ಚಾನೆಲ್ಲು ತಂದಿದ್ದೆ. ಎಲ್ಲ ಮಾಡ್ಯುಲರ್ ಅಡುಗೆಮನೆಗಳಲ್ಲೂ ಅದೇ. ಆಚಾರ್ರು ಬೇಡವೆಂದರು. ಚಾನೆಲ್ಲಿಗೆ ಡ್ರಾಯರಿನ ಪ್ರತಿ ಪಕ್ಕದಲ್ಲಿ ಅರ್ಧ ಇಂಚು ಜಾಗ ಬೇಕು. ಎರಡು ಡ್ರಾಯರಿಗೆ ನಾಲ್ಕು ಪಕ್ಕ, ಒಟ್ಟು ಎರಡಿಂಚು. ಎರಡಿಂಚು ಹೋದರೆ ಎರಡು ಸಾಲಿನ ಲೆಕ್ಕವೇ ತಪ್ಪುತ್ತದೆ. ತುಂಬಿದ ಒಂದು ಡ್ರಾಯರಿನಲ್ಲಿ ಸುಮಾರು 150 ಪುಸ್ತಕ, 35 ಕಿಲೋ. ಮಾಮೂಲಿ ಚಾನೆಲ್ ಜೋಡಿ ಅಷ್ಟನ್ನು ತಡೆಯುತ್ತದೆ ಎಂದು ಪ್ಯಾಕೆಟ್ಟಿನ ಮೇಲೆ ಬರೆದಿರುವುದು ನಿಜ. ಆದರೆ ಅದು ಅಲುಗಾಡದ ಅಡುಗೆಮನೆಯ ಲೆಕ್ಕ. ಕಾರ್ಗಲ್ ರಸ್ತೆಯಲ್ಲಿ ಗುಂಡಿ ಹಾರುವ ಬೊಲೆರೊದಲ್ಲಿ ಚಾನೆಲ್ಲಿನೊಳಗಿನ ಗುಂಡುಗಳು ಎಷ್ಟು ದಿನ ತಮ್ಮ ಹಾದಿಯಲ್ಲಿ ಉರುಳುತ್ತವೆ? "ನಿಮ್ಮಜ್ಜನ ಪತ್ತಾಯಕ್ಕೆ ಚಾನೆಲ್ ಇತ್ತೇ ಮಾರಾಯ್ರೇ?" ಅಂದರು. ಚಾನೆಲ್ಲು ವಾಪಸ್ ಹೋಯಿತು. ಹಲಸಿನ ರೀಪಿನ ಮೇಲೆ ಹಲಸಿನ ರೀಪು ಜಾರುವ ಹಾಗೆ ಮಾಡಿ, ಜೇನುಮೇಣ ತಿಕ್ಕಿದರು. ಮಳೆಗಾಲದಲ್ಲಿ ಸ್ವಲ್ಪ ಬಿಗಿ, ಬೇಸಿಗೆಯಲ್ಲಿ ಸಡಿಲ. ಮೇಣ ವರ್ಷಕ್ಕೊಮ್ಮೆ ಹೊಸದು.

ಪ್ಲೈವುಡ್ಡಿನ ವಿಷಯದಲ್ಲಿ ಗೆದ್ದವನು ನಾನು, ಅರ್ಧ ಮಾತ್ರ. ಮಳೆನಾಡಿನಲ್ಲಿ ಗಾಡಿಯೊಳಗಿನ ಗಾಳಿಯೇ ಒದ್ದೆ. ಎಂಆರ್ ಎಂದು ಮುದ್ರೆಯಿರುವ, ಐಎಸ್ 303 ದರ್ಜೆಯದು ಅಗ್ಗ, ಆದರೆ ಅದು ತೇವ ತಡೆಯುತ್ತದೆಯೇ ಹೊರತು ನೀರನ್ನಲ್ಲ. ಐಎಸ್ 710 ದರ್ಜೆಯ ಹಲಗೆಯ ತುಂಡನ್ನು 72 ಗಂಟೆ ನೀರಲ್ಲಿ ಕುದಿಸಿ ಅಂಟು ಬಿಡುತ್ತದೆಯೇ ಎಂದು ನೋಡಿರುತ್ತಾರೆ. ಅದೇ ಬೇಕು ಎಂದು ಹಟ ಹಿಡಿದೆ. ದಪ್ಪದ ಮಾತು ಬಂದಾಗ ಅವರು 18 ಮಿ.ಮೀ. ಎಂದರು, ನಾನು 12 ಎಂದೆ. ಎಂಟಡಿ-ನಾಲ್ಕಡಿಯ 18 ಮಿ.ಮೀ. ಹಲಗೆ ಒಂದೇ 35 ಕಿಲೋ ತೂಗುತ್ತದೆ. ಪುಸ್ತಕ ಹೊರಬೇಕಾದ ಗಾಡಿ ಹಲಗೆಯನ್ನೇ ಹೊರುವುದಾದರೆ ಏನು ಬಂತು? ಕೊನೆಗೆ 12ರ ಹಲಗೆ, ಅಡಿಯಲ್ಲಿ ಒಂದೊಂದು ಅಡಿಗೆ ಸಿಲ್ವರ್ ಓಕ್ ಪಟ್ಟಿ ಕೊಟ್ಟು ಬಲಪಡಿಸುವುದೆಂದು ರಾಜಿಯಾಯಿತು. ಅಂಟು, ಸ್ಕ್ರೂ ಎರಡೂ. ಬರೀ ಮೊಳೆ ಹೊಡೆದದ್ದು ಗಾಡಿಯ ನಡುಕಕ್ಕೆ ತಾನಾಗಿ ಮೇಲೆದ್ದು ಬರುತ್ತದಂತೆ. ಗಾಲಿಯ ಉಬ್ಬಿನ ಸುತ್ತು ಮಾತ್ರ ಅಳತೆಪಟ್ಟಿಗೆ ಸಿಗುವಂಥದ್ದಲ್ಲ. ಪುಸ್ತಕ ಬಂದ ಪೆಟ್ಟಿಗೆಯ ರಟ್ಟನ್ನೇ ಕತ್ತರಿಸಿ, ಒತ್ತಿ, ಮತ್ತೆ ಕತ್ತರಿಸಿ, ಅದನ್ನು ಹಲಗೆಯ ಮೇಲಿಟ್ಟು ಗೆರೆ ಎಳೆದರು.

ಉಬ್ಬಿನ ಎತ್ತರ ಹತ್ತಿಂಚಿನ ಹತ್ತಿರ ಇತ್ತು. ಡ್ರಾಯರು ಅಷ್ಟು ಎತ್ತರ ಬರುವುದಿಲ್ಲ. ಆದರೂ ಅಟ್ಟವನ್ನು ಉಬ್ಬಿನ ಮಟ್ಟಕ್ಕೆ ಎತ್ತಿದರೆ ಮೇಲಿನ ಹಲಗೆ ಗಾಡಿಯ ಪೂರಾ ಅಗಲಕ್ಕೆ ಹರಡುತ್ತದೆ. ಹಾಗೆ ಮಾಡಿದಾಗ ಡ್ರಾಯರಿಗೂ ಮೇಲಿನ ಹಲಗೆಗೂ ನಡುವೆ ಎರಡಿಂಚಿನ ಸಂದು ಉಳಿಯಿತು. ಅದನ್ನು ಹಲಸಿನ ಪಟ್ಟಿಯಿಂದ ಮುಚ್ಚಿದರು. "ಇರಲಿ, ಮುಂದೆ ಏನಾದರೂ ನೋಡುವ" ಎಂದರು.

ಮುಂದುಗಡೆ, ಚಾಲಕನ ಸೀಟಿನ ಹಿಂದೆ, ಅಟ್ಟದ ಅಗಲಕ್ಕೂ ಒಂದು ತಡೆಗೋಡೆ ನಿಲ್ಲಿಸಿದೆವು. ಘಟ್ಟದ ಎಮ್ಮೆಯ ನೆನಪಿಗೆ ಕಟ್ಟಿಸಿದ್ದು. ನಡು ಸೀಟನ್ನು ಮಡಚಿದರೆ ಅಟ್ಟದ ಅಂಚಿಗೆ ಕೀಲು ಹಾಕಿದ ಹಲಗೆ ಮುಂದಕ್ಕೆ ಬಿಚ್ಚಿಕೊಂಡು ಮಲಗುವಷ್ಟು ಉದ್ದವಾಗುತ್ತಿತ್ತು. ಓರೆಯಾಗಿ ಮಲಗಿದರೆ ಕಾಲು ನೀಡಬಹುದು, ಎದ್ದು ಕೂತರೆ ತಲೆ ತಗಡಿಗೆ. ಹಿಂಬಾಗಿಲು ತಾನಾಗಿ ಮುಚ್ಚದಂತೆ ಅಟ್ಟದ ಮೂಲೆಯಿಂದ ಒಂದು ಕಬ್ಬಿಣದ ಕೊಕ್ಕೆ. ಡ್ರಾಯರು ಮುಕ್ಕಾಲು ಹೊರಬಂದು ನಿಲ್ಲುವಂತೆ ಒಳಗೊಂದು ತಡೆಗಟ್ಟಿ. ಪೂರ್ತಿ ಬಂದರೆ 35 ಕಿಲೋ ಪಾದದ ಮೇಲೆ. ಇಡೀ ಅಟ್ಟ ಕೂತದ್ದು ಹಿಂದಿನ ಮಡಚು ಸೀಟುಗಳನ್ನು ಬಿಚ್ಚಿದಾಗ ಸಿಕ್ಕ ಬೋಲ್ಟಿನ ತೂತುಗಳ ಮೇಲೆ. ಗಾಡಿಯ ಮೈಗೆ ಹೊಸ ತೂತು ಒಂದೂ ಕೊರೆಯಲಿಲ್ಲ, ಬೆಸುಗೆ ಹಾಕಲಿಲ್ಲ.

ಆರ್‌ಟಿಒ ವ್ಯವಹಾರ ಬಲ್ಲ ಗೆಳೆಯರೊಬ್ಬರ ಸಲಹೆ ಅದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ ಗಾಡಿಯನ್ನು ನಮ್ಮಿಷ್ಟಕ್ಕೆ ಬದಲಾಯಿಸುವಂತಿಲ್ಲ. 2019ರ ಜನವರಿ ಮೊದಲ ವಾರ ಧಾರವಾಡದ 84ನೇ ಸಾಹಿತ್ಯ ಸಮ್ಮೇಳನಕ್ಕೆ ಅಟ್ಟದ ಜೊತೆ ಹೋಗಿ ಖುಷಿಯಾಗಿ ಬಂದಿದ್ದೆ. ಅದರ ಬೆನ್ನಿಗೇ, ಜನವರಿ 9ಕ್ಕೆ, ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು: ನೋಂದಣಿ ಪತ್ರದಲ್ಲಿನ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆ ಕೂಡದು. ಪೇಪರಿನಲ್ಲಿ ಓದಿದ ದಿನ ಅಟ್ಟದ ಬೋಲ್ಟು ಬಿಚ್ಚಲು ಎಷ್ಟು ಹೊತ್ತು ಬೇಕೆಂದು ನೋಡಿದೆ. ಒಂದು ಲೋಟ ಚಹಾ ಆರುವಷ್ಟರಲ್ಲಿ ಇಬ್ಬರು ಸೇರಿ ಹೊರಗೆ ಇಳಿಸಬಹುದಿತ್ತು. ಗಾಡಿಯ ಭಾಗವಲ್ಲ, ಗಾಡಿಯಲ್ಲಿಟ್ಟ ಸಾಮಾನು ಎಂದು ವಾದಿಸಲು ಅಷ್ಟು ಸಾಕು ಅನ್ನಿಸಿತು. ಸೀಟುಗಳು ಮಾತ್ರ ಈಗಲೂ ಮನೆಯ ಅಟ್ಟದ ಮೇಲೆ ಪ್ಲಾಸ್ಟಿಕ್ ಹೊದ್ದು ಕೂತಿವೆ, ತಪಾಸಣೆಗೆ ಹೋಗುವಾಗ ಬೇಕಾಗುತ್ತವೆ.

ಸಾಮಾನು ಸಾಗಿಸಲು ಮಾಡಿದ ಅಟ್ಟ ಅಂಗಡಿಯಾದದ್ದು ಹೊಳೆಬಾಗಿಲಿನಲ್ಲಿ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವ ತನಕ ತುಮರಿ ಕಡೆ ಹೋಗುವವರಿಗೆ ಶರಾವತಿ ಹಿನ್ನೀರಿನಲ್ಲಿ ಲಾಂಚೇ ಗತಿ. ಸಿಗಂದೂರಿನ ದೇವಿಯ ದರ್ಶನಕ್ಕೆ ಜನ ಹೋಗುವ ದಿನಗಳಲ್ಲಿ ಗಾಡಿಗಳ ಸಾಲು ಬೆಳೆದು, ಸರದಿ ಬರಲು ಗಂಟೆಗಟ್ಟಲೆ ಕಾಯಬೇಕಿತ್ತು. ಅಲ್ಲಿ ಹೊತ್ತು ಹೋಗದೆ ಒಮ್ಮೆ ಹಿಂಬಾಗಿಲು ತೆರೆದು ಡ್ರಾಯರು ಎಳೆದು ಪುಸ್ತಕ ಜೋಡಿಸುತ್ತಿದ್ದೆ. ಒಬ್ಬರು ಬಂದು ನಿಂತರು. ಪುಸ್ತಕ ನೋಡಲಿಕ್ಕಲ್ಲ, ಡ್ರಾಯರು ನೋಡಲಿಕ್ಕೆ. "ಯಾವ ಮರ ಇದು? ಚಾನೆಲ್ ಇಲ್ವಾ?" ಎಂದು ಒಳಗೆ ಹೊರಗೆ ಎರಡು ಸಲ ಎಳೆದರು. ಅವರ ಹಿಂದೆ ಇನ್ನಿಬ್ಬರು. ಎಳೆದ ಕೈಗೆ ಪುಸ್ತಕ ಸಿಗುತ್ತದೆ. ಕೈಗೆ ಸಿಕ್ಕಿದ್ದನ್ನು ಕನ್ನಡಿಗ ಹಿಂದೆ ಮುಂದೆ ತಿರುಗಿಸಿ ಬೆಲೆ ನೋಡದೆ ಇಡುವವನಲ್ಲ. ಆಮೇಲೆ ಲಾಂಚಿನ ಸಾಲು ನನಗೆ ಖಾಯಂ ಸ್ಟಾಲ್ ಆಯಿತು. ಬಾಡಿಗೆಯಿಲ್ಲ, ಉದ್ಘಾಟನೆಯಿಲ್ಲ, ಸರದಿ ಬಂದಾಗ ಬಾಗಿಲು ಮುಚ್ಚಿ ಹೊರಟರೆ ಮುಗಿಯಿತು.

ಅಲ್ಲಿಯೇ ಕಣ್ಣಿಗೆ ಬಿದ್ದ ಸಂಗತಿಯೊಂದಿದೆ. ಡ್ರಾಯರಿನಿಂದ ಕಾದಂಬರಿ ಹೋಗುತ್ತಿತ್ತು, ಆತ್ಮಕಥೆ ಹೋಗುತ್ತಿತ್ತು, ಕವನ ಸಂಕಲನ ಮಾತ್ರ ಹೋಗುತ್ತಿರಲಿಲ್ಲ. ಕವಿತೆ ಯಾರಿಗೆ ಬೇಕು ಎಂದು ಹಳೆಯ ಗೊಣಗಾಟ ಗೊಣಗಿಕೊಂಡು ಸುಮ್ಮನಿರಬಹುದಿತ್ತು. ಆದರೆ ಅಂಗಡಿಯಲ್ಲಿ ಅವೇ ಸಂಕಲನಗಳು ಅಷ್ಟಿಷ್ಟು ಹೋಗುತ್ತಿದ್ದವಲ್ಲ? ನಮ್ಮ ಕವನ ಸಂಕಲನಗಳು ಬಹುಪಾಲು 80 ಪುಟ ದಾಟುವುದಿಲ್ಲ. ಪಿನ್ನು ಹೊಡೆದ ಅಥವಾ ತೆಳ್ಳಗೆ ಅಂಟಿಸಿದ ಅವುಗಳ ಬೆನ್ನ ಮೇಲೆ ಹೆಸರು ಹಾಕಲು ಜಾಗವೇ ಇರುವುದಿಲ್ಲ. ಬೆನ್ನು ಮೇಲೆ ಮಾಡಿ ನಿಲ್ಲಿಸಿದ ಡ್ರಾಯರಿನಲ್ಲಿ ಅವು ಬರೀ ಗೆರೆಗಳು. ಎರಡು ದಪ್ಪ ಕಾದಂಬರಿಗಳ ನಡುವೆ ಒಬ್ಬ ಕವಿಯ ಹತ್ತು ವರ್ಷದ ಕೆಲಸ ಇದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮಕ್ಕಳ ಪುಸ್ತಕದ ಕತೆ ಇನ್ನೂ ಕೆಟ್ಟದ್ದು. ಚಿತ್ರವಿರುವ ಮಕ್ಕಳ ಪುಸ್ತಕ ಕ್ರೌನ್ 1/4 ಆಕಾರದಲ್ಲಿ ಬರುತ್ತದೆ, ಅಗಲವೇ ಏಳು ಇಂಚು ಮೀರುತ್ತದೆ. ಆರಿಂಚಿನ ಡ್ರಾಯರಿಗೆ ಅದು ಹೋಗುವುದೇ ಇಲ್ಲ. ಹಾಗಾಗಿ ನಿಘಂಟುಗಳ ಜೊತೆ ಅವೂ ಊರಲ್ಲೇ ಉಳಿಯುತ್ತಿದ್ದವು. ಕಾದು ಬೇಸತ್ತ ಮಕ್ಕಳೇ ತುಂಬಿದ ಲಾಂಚಿನ ಸಾಲಿಗೆ ಹೋದ ಗಾಡಿಯಲ್ಲಿ ಮಕ್ಕಳ ಪುಸ್ತಕ ಇರಲಿಲ್ಲ. ಏನನ್ನು ಓದಬೇಕೆಂದು ವಿಮರ್ಶಕರು ಜಗಳವಾಡುತ್ತಾರೆ. ತುಮರಿಯ ಮಟ್ಟಿಗೆ ಅದನ್ನು ತೀರ್ಮಾನಿಸುತ್ತಿದ್ದದ್ದು ಒಂದು ಹಲಸಿನ ಪಟ್ಟಿ.

ಆಚಾರ್ರ ಹತ್ತಿರ ಹೋಗಿ ಹೇಳಿದೆ. ಕವಿಗಳ ಕಷ್ಟ ಅವರಿಗೆ ಅರ್ಥವಾಯಿತೋ ಇಲ್ಲವೋ, "ಆ ಸಂದು ಇದೆಯಲ್ಲ" ಅಂದರು. ಎರಡಿಂಚಿನ ಸಂದನ್ನು ಮುಚ್ಚಿದ್ದ ಪಟ್ಟಿ ಕಿತ್ತು, ಅಲ್ಲಿಗೆ ಎರಡು ಚಪ್ಪಟೆ ಹಲಗೆ ಮಾಡಿಕೊಟ್ಟರು. ಸುತ್ತ ಅರ್ಧ ಇಂಚಿನ ಅಂಚು. ಎಳೆದರೆ ಡ್ರಾಯರಿನ ಮೇಲೆಯೇ ಹೊರಗೆ ಬಂದು ನಿಲ್ಲುತ್ತದೆ. ಅದರ ಮೇಲೆ ಕವನ ಸಂಕಲನಗಳನ್ನೂ ಮಕ್ಕಳ ಪುಸ್ತಕಗಳನ್ನೂ ಮುಖ ಮೇಲೆ ಮಾಡಿ ಹರಡಿದೆ. ಬಾಗಿಲು ತೆರೆದವರಿಗೆ ಮೊದಲು ಕಾಣುವುದು ಈಗ ಅವೇ. ಕವಿತೆಗೆ ಜನ ಮುಗಿಬಿದ್ದರು ಎಂದೇನಲ್ಲ. ಆದರೆ ಎತ್ತಿ ನೋಡತೊಡಗಿದರು. ಪುಸ್ತಕದ ವ್ಯಾಪಾರದಲ್ಲಿ ಎತ್ತಿ ನೋಡುವುದೇ ಅರ್ಧ ವ್ಯಾಪಾರ.

ನಡುವೆ ಕೊರೋನಾ ಬಂತು. ಗಾಡಿ ನಿಂತಿತು, ಮೇಣ ಒಣಗಿತು. ಆ ಕಾಲದ ಬಗ್ಗೆ ಎಲ್ಲರೂ ಬರೆದಿದ್ದಾರೆ.

ಹಲವು ಸಲ ಮುಂದಕ್ಕೆ ಹೋದ 86ನೇ ಸಮ್ಮೇಳನ ಕೊನೆಗೆ ಹಾವೇರಿಯಲ್ಲಿ 2023ರ ಜನವರಿ 6ರಿಂದ 8ರವರೆಗೆ ನಡೆಯಿತು. ಊರಲ್ಲಿ ರೂಮು ಸಿಗಲಿಲ್ಲ, ಅಟ್ಟದ ಮೇಲೇ ಮಲಗಿದೆ. ಕೆಳಗೆ ಮುನ್ನೂರು ಪುಸ್ತಕ, ಮೇಲೆ ಕೌದಿ. ಜನವರಿಯ ಬಯಲುಸೀಮೆ ಚಳಿಗೆ ಕಾಗದ ಒಳ್ಳೆ ಬೆಚ್ಚನೆಯ ಹಾಸು ಎಂದು ಅಲ್ಲಿ ಗೊತ್ತಾಯಿತು. ಓರೆಯಾಗಿ ಮಲಗಿ ಗಳಗನಾಥರ ಬಗ್ಗೆ ಯೋಚಿಸುತ್ತಿದ್ದೆ. 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಇದೇ ಹಾವೇರಿ ಸೀಮೆಯ ಹಾವನೂರಿನವರು. ವರದೆ ತುಂಗಭದ್ರೆಯನ್ನು ಸೇರುವ ಕಡೆಯ ಗಳಗನಾಥನ ಹೆಸರು ಇಟ್ಟುಕೊಂಡು ಕಾದಂಬರಿ ಬರೆದವರು. ಬರೆದ ಪುಸ್ತಕವನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಕನ್ನಡದ ಶಾಲೆಯಲ್ಲಿ ಓದಿದವರು ಕೇಳಿಯೇ ಇರುವ ಮಾತು. ಸಭೆಗಳಲ್ಲಿ ಅದನ್ನು ಹೇಳುವಾಗ ಭಾಷಾಭಿಮಾನದ ದನಿ ಏರುತ್ತದೆ. ನನಗೆ ಬರುವುದು ತೂಕದ ಪ್ರಶ್ನೆ. ತಲೆಹೊರೆಯೆಂದರೆ ಇಪ್ಪತ್ತು ಕಿಲೋ ಎಂದಿಟ್ಟುಕೊಳ್ಳಿ. ಇವತ್ತಿನ ಡೆಮಿ ಪುಸ್ತಕವಾದರೆ ಎಂಬತ್ತರ ಆಸುಪಾಸು. ಅವರ ಕಾದಂಬರಿಗಳಲ್ಲಿ ಕೆಲವು ಇನ್ನೂ ದಪ್ಪ. ಅಷ್ಟು ಹೊತ್ತು ಒಂದು ಊರು ತಲುಪಿ, ಅರ್ಧವಾದರೂ ಮಾರಿದರೆ ಮುಂದಿನ ಊರಿನ ದಾರಿ ಅಷ್ಟು ಹಗುರ, ಮಾರದಿದ್ದರೆ ಇಲ್ಲ. ಯಾವ ಪುಸ್ತಕ ಹೊರಬೇಕು, ಯಾವುದು ಬಿಡಬೇಕು ಎಂಬುದನ್ನು ಬೆಳಗ್ಗೆ ಗಂಟು ಕಟ್ಟುವಾಗಲೇ ನಿರ್ಧರಿಸಬೇಕಿತ್ತು. ಅವರು ಏನನ್ನು ಬಿಟ್ಟು ಹೊರಡುತ್ತಿದ್ದರು ಎಂದು ಕೇಳಬೇಕು ಅನ್ನಿಸುತ್ತದೆ ನನಗೆ.

ಅದೇ ವರ್ಷದ ಬೇಸಿಗೆಗೆ ವಿಧಾನಸಭೆ ಚುನಾವಣೆ. ಮಾರ್ಚ್ 29ರಿಂದ ನೀತಿಸಂಹಿತೆ ಬಂದು, ಮೂಲೆಮೂಲೆಗೆ ಚೆಕ್‌ಪೋಸ್ಟ್. ಬೊಲೆರೊ, ಹಿಂದೆ ಸೀಟಿಲ್ಲ, ಮರದ ಅಟ್ಟ, ಅದರೊಳಗೆ ಡ್ರಾಯರು: ಸೀರೆ, ಕುಕ್ಕರು, ಸಾರಾಯಿ ಹುಡುಕುವವರ ಕಣ್ಣು ಅರಳದೆ ಇರುತ್ತದೆಯೇ? ಒಂದು ಕಡೆ ಎಲ್ಲವನ್ನೂ ಎಳೆಸಿದರು. ಮುಚ್ಚಿದ ಡ್ರಾಯರಿನ ಮುಂದೆ ನಾಲ್ಕು ಜನ, ತೆರೆದ ಮೇಲೆ ಇಬ್ಬರು. "ಬಿಲ್ ಎಲ್ಲಿ, ಜಿಎಸ್‌ಟಿ?" ಎಂದರು ಒಬ್ಬರು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂದೆ. ನಂಬಿಕೆಯಾಗಲಿಲ್ಲ, ಫೋನ್ ಮಾಡಿ ಕೇಳಿದರು. ಅಷ್ಟರಲ್ಲಿ ಇನ್ನೊಬ್ಬರು ಚಪ್ಪಟೆ ಹಲಗೆಯನ್ನು ಒಳಗೆ ಹೊರಗೆ ಮಾಡಿ ನೋಡುತ್ತಿದ್ದರು. ಪುಸ್ತಕ ಕೇಳುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಆಚಾರ್ರ ಫೋನ್ ನಂಬರು. ಅತ್ತೆಮನೆಯಿಂದ ಅಕ್ಕಿ, ತೆಂಗಿನಕಾಯಿ ತರಲು ತಮ್ಮ ಗಾಡಿಗೂ ಇಂಥದ್ದೊಂದು ಬೇಕಿತ್ತಂತೆ.

ಈಗೀಗ ಅಂಥವರು ಬರುತ್ತಲೇ ಇರುತ್ತಾರೆ. ಕಳೆದ ಬಾರಿ ಪಶುವೈದ್ಯರೊಬ್ಬರನ್ನು ನಾನೇ ಆಚಾರ್ರ ಮನೆಗೆ ಕರೆದೊಯ್ದೆ. ಅವರದೂ ಬೊಲೆರೊ, ಕೆಲಸ ಹಳ್ಳಿಹಳ್ಳಿ ತಿರುಗುವುದು. ಔಷಧಿ, ಸಿರಿಂಜು, ಗಮ್‌ಬೂಟು, ಎಲ್ಲಕ್ಕೂ ಒಂದೊಂದು ಡ್ರಾಯರು ಬೇಕೆಂದು ನನ್ನ ಹಾಗೆಯೇ ಚಿತ್ರ ಬರೆದು ತಂದಿದ್ದರು. ಆಚಾರ್ರು ಚಿತ್ರ ಪಕ್ಕಕ್ಕಿಟ್ಟು "ನೀವು ತರುವುದರಲ್ಲಿ ಎಲ್ಲಕ್ಕಿಂತ ತಂಟೆಯದು ಯಾವುದು?" ಎಂದರು. ಡಾಕ್ಟರು ಗಾಡಿಯಿಂದ ದ್ರವ ಸಾರಜನಕದ ಕ್ಯಾನು ತಂದಿಟ್ಟರು. ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳು ಅದರೊಳಗೆ ಮೈನಸ್ 196 ಡಿಗ್ರಿಯಲ್ಲಿ ಇರುತ್ತವೆ. ಅಡ್ಡ ಮಲಗಿಸುವ ಹಾಗಿಲ್ಲ, ಉರುಳುವ ಹಾಗಿಲ್ಲ. ಮುಚ್ಚಳ ಬಿಗಿ ಮಾಡುವಂತಿಲ್ಲ. ಒಳಗಿನದು ಆವಿಯಾಗಿ ಹೊರಬರುತ್ತಲೇ ಇರಬೇಕು, ಹಾಗೆ ಬಂದದ್ದು ಗಾಡಿಯಿಂದಲೂ ಹೊರಗೆ ಹೋಗಬೇಕು. ಆಚಾರ್ರು ಬಹಳ ಹೊತ್ತು ಅದರ ಕುತ್ತಿಗೆಯಿಂದ ಏಳುತ್ತಿದ್ದ ಬಿಳಿ ಹೊಗೆ ನೋಡಿದರು. ಡ್ರಾಯರು ಬೇಡ, ಅಟ್ಟದಲ್ಲಿ ಒಂದು ದುಂಡು ತೂತು ಕೊರೆದು, ಸುತ್ತ ತೆಂಗಿನ ನಾರಿನ ಹಗ್ಗ ಸುತ್ತಿ, ಕ್ಯಾನನ್ನು ಅದರೊಳಗೆ ಇಳಿಬಿಡುವುದು, ಕಿಟಕಿ ಎರಡು ಬೆರಳು ತೆರೆದೇ ಇರಬೇಕು ಎಂದರು. ಸುತ್ತಳತೆಗೆ ದಾರ ಸುತ್ತಿ ಗಂಟು ಹಾಕಿದರು.

"ಗಾಡಿ ಆಮೇಲೆ ತನ್ನಿ. ಇದೊಂದನ್ನು ನಾಲ್ಕು ದಿನ ನನ್ನ ಹತ್ತಿರ ಬಿಟ್ಟುಹೋಗಿ."

ಡಾಕ್ಟರು ಒಪ್ಪಲಿಲ್ಲ. ಅದರೊಳಗೆ ಇಡೀ ಹೋಬಳಿಯ ಮುಂದಿನ ವರ್ಷದ ಕರುಗಳಿದ್ದವು.